ಗಾಡಿಕೇರಿಯ ಹೇರಿನ ಎತ್ತುಗಳು

ಎಲ್ಲಾಪುರದ ಗಾಡಿಕೇರಿಯಲ್ಲಿ ಹೆಂಗಸರು ಯಾವ ಕೆಲಸವನ್ನೂ ಮಾಡುವುದಿಲ್ಲ ಎಂಬ ಸಂಗತಿ ಸಾವಿರದ ಒಂಬೈನೂರ ಮೂವತ್ತಾರನೇ ಇಸವಿಯಲ್ಲಿ ಅಧಿಕೃತವಾಗಿ ಸಾಬೀತಾಯಿತು. ಸಾಬೀತು ಮಾಡಿದವರು ಪೇಟೆ ಸೌಕರ್ಯ ಕಮಿಟಿಯವರು. ಸಭೆ ನಡೆದದ್ದು ಅಧ್ಯಕ್ಷರಾದ ದೇವರು ಹೆಗಡೆಯವರ ಮನೆಯ ಜಗಲಿಯಲ್ಲಿ. ನಿರ್ಣಯಕ್ಕೆ ಮುಂಚೆ ಸದಸ್ಯರಿಗೆಲ್ಲ ತೆಳ್ಳೇವು, ಜೋನಿಬೆಲ್ಲ, ಮೇಲೊಂದು ಲೋಟ ಕಷಾಯ ಬಂತು. ಅಕ್ಕಿ ನೆನೆಸಿ, ರುಬ್ಬಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಒಂದೊಂದೇ ತೆಳ್ಳೇವು ಹುಯ್ದು ಕಳಿಸಿದವರು ಹೆಗಡೇರ ಹೆಂಡತಿ ದೇವಕಮ್ಮ. ಅದು ಕೆಲಸವಲ್ಲವಾದ್ದರಿಂದ ನಡಾವಳಿಯಲ್ಲಿ ದಾಖಲಾಗಲಿಲ್ಲ. ತೆಳ್ಳೇವು ಚೆನ್ನಾಗಿತ್ತು ಎಂಬುದು ಮಾತ್ರ ದಾಖಲಾಯಿತು.

ಇಷ್ಟಕ್ಕೂ ಇದು ಹುಟ್ಟಿದ್ದು ನೀರಿನಿಂದ. ಗಾಡಿಕೇರಿ ಇರುವುದು ದಿಬ್ಬದ ಮೇಲೆ, ಹಳ್ಳ ಇರುವುದು ಕೆಳಗೆ. ಹಳ್ಳಕ್ಕೆ ಮೇಲೆ ಬಾರಪ್ಪಾ ಎಂದರೆ ಅದು ಬರುವ ಪೈಕಿಯಲ್ಲ. ಹೆಂಗಸರೇ ಇಳಿದು, ತಲೆಯ ಮೇಲೊಂದು ಕೊಡ, ಸೊಂಟದ ಮೇಲೊಂದು ಕೊಡ, ಬೆನ್ನ ಹಿಂದೆ ಅಳುವ ಒಂದು ಕೂಸು, ಹೀಗೆ ಹತ್ತಿ ಬರಬೇಕು. ಬಾಡಿಗೆ ಗಾಡಿ ಹೊಡೆಯುವ ಸುಭಾನನ ಹೆಂಡತಿ ರಹಿಮತ್‌ಬಿ ಹಿಂದಿನ ಮಳೆಗಾಲದಲ್ಲಿ ಆ ದಾರಿಯ ಪಾಚಿಗಲ್ಲಿನ ಮೇಲೆ ಜಾರಿ ಬಿದ್ದಳು. ಕೊಡ ಒಡೆಯಲಿಲ್ಲ, ಅದು ಹಿತ್ತಾಳೆಯದು. ಸೊಂಟ ಹಿತ್ತಾಳೆಯದಲ್ಲ.

ಅಂದಿನಿಂದ ಮಗಳು ಜೊಹರಾಳ ಶಾಲೆ ನಿಂತಿತು, ಕೊಡ ಶುರುವಾಯಿತು. ಮೂರನೇ ಇಯತ್ತೆಯಲ್ಲಿ ಲೆಕ್ಕಕ್ಕೂ ಜಗಳಕ್ಕೂ ಮೊದಲನೇ ನಂಬರಿನಲ್ಲಿದ್ದ ಹುಡುಗಿ ಅದು.

"ಅಮ್ಮೀ, ಹೆಗಡೇರ ಮನೆ ಪರಿಮಳಾ ತನ್ನ ನಾಲ್ಕನೇ ಇಯತ್ತೆ ಪುಸ್ತಕ ಕೊಡ್ತೇನೆ ಅಂದಿದಾಳೆ."

"ಪುಸ್ತಕ ಕೊಡ್ತಾಳೆ. ನೀರು ತಂದು ಕೊಡ್ತಾಳಾ?" ಎಂದಳು ರಹಿಮತ್‌ಬಿ. ಎಂದವಳು ಆ ಕಡೆ ಮುಖ ಮಾಡಿ ಸೊಂಟಕ್ಕೆ ಎಣ್ಣೆ ತಿಕ್ಕತೊಡಗಿದಳು. ಎಣ್ಣೆ ತಿಕ್ಕುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಶಾಲೆ ತೆರೆಯುವುದು ಮಳೆ ಹಿಡಿಯುವ ಹೊತ್ತಿಗೆ. ಅಷ್ಟರೊಳಗೆ ಕೇರಿಗೆ ನೀರು ಬರಬೇಕು, ಹುಡುಗಿ ಮರಳಿ ಶಾಲೆಗೆ ಹೋಗಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ಸೊಂಟ ಹಿಡಿದುಕೊಂಡೇ ಕಮಿಟಿಯ ಮುಂದೆ ಹೋಗಿ ನಿಂತಳು. ಕಮಿಟಿಯ ಸೆಕ್ರೆಟ್ರಿ ವೀರಪ್ಪ ಹಾವೇರಿ ಕಡೆಯವ. ಮಾತು ಬೆಣ್ಣೆ, ಉತ್ತರ ಕಲ್ಲು.

"ಬರ್ರಿ, ಕುಂದರ್ರಿ. ನೀರಿನ ನಳ ಬೇಕಂತೀರಿ. ಈಗ ನೀರು ತರಾಕ ಖರ್ಚೆಷ್ಟ ಬರ್ತದ, ಅದನ್ನ ಹೇಳ್ರಿ."

"ಖರ್ಚೆಂತದು? ನಾವೇ ಹೊತ್ತು ತರ್ತೇವಲ್ಲ."

"ನಿಮಗ ಪಗಾರ ಯಾರು ಕೊಡ್ತಾರ?"

"ಪಗಾರವಾ? ಅಲ್ಲಾ ಕೊಡಬೇಕು."

"ಅವ ಕೊಟ್ಟದ್ದು ನಮ್ಮ ಲೆಕ್ಕದಾಗ ಬರಂಗಿಲ್ಲ. ಅಂದ್ರ ಖರ್ಚು ಸೊನ್ನಿ. ಸೊನ್ನಿ ಖರ್ಚಿನ್ಯಾಗ ನೀರು ಬರಾಕತ್ತದ. ನಳ ಹಾಕಿದ್ರ ಖರ್ಚಾಗ್ತದ. ಪುಕ್ಕಟ ಬರೋ ನೀರಿಗೆ ರೊಕ್ಕಾ ಹಾಕಿದ್ರ ಮ್ಯಾಲಿನವರು ನಮಗ ಏನಂದಾರು?"

ಹೆಗಡೇರು ಎದ್ದು ಹೋಗಿ ಎಲೆಯಡಿಕೆಯ ಕವಳ ಉಗುಳಿ ಬಂದು ಸಮಾಧಾನ ಹೇಳಿದರು. "ನೋಡು ರಹಿಮತ್‌ಬಿ, ಇಡೀ ಜಿಲ್ಲೆಯಲ್ಲಿ ಇಷ್ಟು ಸೋವಿ ನೀರಿನ ಯೋಜನೆ ಇನ್ನೊಂದಿಲ್ಲ. ನಿಮಗೆ ಹೆಮ್ಮೆ ಆಗಬೇಕು."

"ಆಯ್ತು ಸಾಹೇಬ್ರೆ. ಸೊಂಟಕ್ಕೂ ತಿಳಿಸ್ತೇನೆ," ಎಂದು ರಹಿಮತ್‌ಬಿ ಎದ್ದಳು.

ಅವಳು ಮೆಟ್ಟಿಲಿಳಿಯುವುದರೊಳಗೆ ನಿರ್ಣಯ ಪಾಸಾಯಿತು: 'ಪಗಾರವಿಲ್ಲದ್ದು ಕೆಲಸವಲ್ಲ. ಕೆಲಸವಲ್ಲದ್ದರಿಂದ ಯಾರಿಗೂ ಆಯಾಸವಾಗತಕ್ಕದ್ದಲ್ಲ. ಆದಾಗ್ಯೂ ಆಯಾಸವಾದಲ್ಲಿ ಸದರಿ ಆಯಾಸವನ್ನು ಖಾಸಗಿ ಎಂದು ತಿಳಿಯತಕ್ಕದ್ದು.'

ಅದೇ ವಾರ ಸುಭಾನನಿಗೆ ಸುಂಕದ ನಾಕೆಯಲ್ಲಿ ದಂಡ ಬಿತ್ತು. ದನದ ಇನ್ಸ್‌ಪೆಕ್ಟರ್ ಮಂಜಪ್ಪ ಎತ್ತಿನ ಹೆಗಲ ಮೇಲೆ ಉಗುರಿನಷ್ಟು ಗಾಯ ಕಂಡುಹಿಡಿದಿದ್ದ. ಸುಭಾನ ಮನೆಗೆ ಬಂದವನೇ ರುಮಾಲು ಎಸೆದ.

"ಎತ್ತು ನಂದು, ಗಾಡಿ ನಂದು, ದಂಡ ಅವಂದು! ಏನೇನು ಕಾನೂನು ಗೊತ್ತುಂಟಾ ನಿಂಗೆ? ಹೆಚ್ಚು ಹೇರು ಹಾಕಬಾರದಂತೆ. ಏರಿನಲ್ಲಿ ನಿಲ್ಲಿಸಿ ಉಸಿರು ಬಿಡಿಸಬೇಕಂತೆ. ನೋವಿದ್ದ ಎತ್ತನ್ನ ಗುಣ ಆಗೋವರೆಗೆ ಹೂಡಬಾರದಂತೆ. ಸೋಮವಾರ ರಜೆಯಂತೆ! ಎತ್ತು ನಿಲ್ಲೋ ಕಡೆ ಕಲ್ಲುಮರಿಗೆ ಇಟ್ಟು ಅದರ ಬಾಯಿ ಹತ್ತಿರಕ್ಕೇ ನೀರು ತರಬೇಕಂತೆ."

ರೊಟ್ಟಿ ತಟ್ಟುತ್ತಿದ್ದ ರಹಿಮತ್‌ಬಿಯ ಕೈ ನಿಂತಿತು. "ಇಷ್ಟೆಲ್ಲಾ ಎತ್ತಿಗಾ?"

"ಮತ್ತೆ? ಎತ್ತಿಗೆ ಬೆಲೆ ಉಂಟಲ್ಲ. ಸತ್ತರೆ ದುಡ್ಡು ಕೊಟ್ಟು ಇನ್ನೊಂದು ತರಬೇಕು."

"ನಾನು ಸತ್ತರೆ?"

ಸುಭಾನ ಸುಳ್ಳಾಡದ ಮನುಷ್ಯ. ಬಾಯಿ ತೆರೆದ. ಅವಳ ಕೈಗೆ ಸಿಗುವಷ್ಟು ದೂರದಲ್ಲಿ ಕಬ್ಬಿಣದ ಸೌಟು ಕಂಡು ಬಾಯಿ ಮುಚ್ಚಿದ.

ಇತ್ತ ಕಮಿಟಿಗೂ ಒಂದು ಸಂಕಟ ಬಂದಿತ್ತು. ಮೇಲಿನ ಕಚೇರಿಯಿಂದ 'ಹೇರಿನ ಎತ್ತುಗಳ ಯೋಗಕ್ಷೇಮ ಅನುದಾನ' ಮಂಜೂರಾಗಿ ಬಂದು ಕೂತಿತ್ತು. ಹೆಗಡೇರ ಭಾವನಿಗೆ ಕಲ್ಲುಮರಿಗೆಯ ಗುತ್ತಿಗೆಯೂ ಆಗಿ, ಮರಿಗೆ ಕಡೆಸಿ ತಂದು ಅಂಗಳದಲ್ಲಿ ಮಗುಚಿ ಹಾಕಿಯೂ ಆಗಿತ್ತು. ವೀರಪ್ಪನಿಗೆ ಎತ್ತುಗಳ ತಪಾಸಣೆಗೆಂದು ಹೊಸ ಸೈಕಲ್ಲು ಬಂದಿತ್ತು. ಎಲ್ಲವೂ ಬಂದಿತ್ತು, ಎತ್ತೊಂದು ಇರಲಿಲ್ಲ. ಘಟ್ಟದಲ್ಲಿ ಮೋಟಾರು ಲಾರಿ ಓಡಾಡತೊಡಗಿದ ಮೇಲೆ ಬೆನ್ನ ಮೇಲೆ ಹೇರು ಹೊರುವ ಎತ್ತನ್ನು ಯಾರು ಸಾಕುತ್ತಾರೆ? ಎಲ್ಲಾಪುರದ ಕೊನೆಯ ಹೇರಿನ ಎತ್ತು ಹೋದ ದೀಪಾವಳಿಗೇ ಶಿವನ ಪಾದ ಸೇರಿತ್ತು. ಎತ್ತುಗಳ ಎಣಿಕೆ ಕಳಿಸದಿದ್ದರೆ ಅನುದಾನ ವಾಪಸು. ಅನುದಾನದ ಹಿಂದೆ ಮರಿಗೆ, ಮರಿಗೆಯ ಹಿಂದೆ ಸೈಕಲ್ಲು.

ವೀರಪ್ಪ ಎತ್ತು ಹುಡುಕುತ್ತ ಗಾಡಿಕೇರಿಗೆ ಬಂದ. ದಿಬ್ಬದ ತುದಿಯಲ್ಲಿ ಸೈಕಲ್ಲು ನಿಲ್ಲಿಸಿ ಬೆವರೊರೆಸಿಕೊಳ್ಳುವಾಗ ಕೆಳಗಿನಿಂದ ಒಬ್ಬೊಬ್ಬರೇ ಕೊಡ ಹೊತ್ತು ಮೇಲೆ ಬಂದರು. ಮುಂದೆ ಜೊಹರಾ, ಅವಳ ಹಿಂದೆ ಸಣ್ಣ ಕೊಡದೊಂದಿಗೆ ರಹಿಮತ್‌ಬಿ, ಕೊನೆಯಲ್ಲಿ ನೆರೆಮನೆಯ ಗಿರಿಜವ್ವ.

"ಈ ಕೇರ್ಯಾಗ ಹೇರಿನ ಎತ್ತು ಅದಾವೇನ್ರಿ?"

"ಹೇರಿನ ಎತ್ತು ಅಂದ್ರೆ ಯಾವುದಕ್ಕೆ ಅಂತೀರಿ?" ಎಂದಳು ರಹಿಮತ್‌ಬಿ.

ವೀರಪ್ಪ ಸರಕಾರಿ ಕಾಗದ ತೆಗೆದು ಗಂಟಲು ಸರಿಮಾಡಿಕೊಂಡು ಓದಿದ. "ಪಗಾರವಿಲ್ಲದೆ, ಯಜಮಾನನ ಮನೆಯಲ್ಲಿಯೇ ಮೇವು ತಿಂದು, ಯಜಮಾನನ ಹೇರನ್ನು ಗಾಲಿಯ ಸಹಾಯವಿಲ್ಲದೆ ಸ್ವಂತ ಮೈಮೇಲೆ ಹೊತ್ತು ಏರು ಹತ್ತುವ ಯಾವತ್ತೂ ಸಾಕುಜೀವಿಯನ್ನು ಹೇರಿನ ಎತ್ತು ಎಂದು ತಿಳಿಯತಕ್ಕದ್ದು."

ರಹಿಮತ್‌ಬಿ ಕೊಡ ಇಳಿಸಿದಳು. "ಇನ್ನೊಂದ್ಸಲ ಓದಿ."

ವೀರಪ್ಪ ಓದಿದ.

"ಕೊಂಬಿನ ವಿಷಯ ಉಂಟಾ?"

"ಇಲ್ರಿ."

"ಬಾಲ?"

"ಬಾಲದ ಬಗ್ಗೆ ಏನೂ ಬರದಿಲ್ಲ."

"ಕಾಲು ಎಷ್ಟಿರಬೇಕು?"

ವೀರಪ್ಪ ಕಾಗದ ತಿರುವಿ ಹಾಕಿ ನೋಡಿದ. ಬಿಸಿಲಿಗೆ ಹಿಡಿದು ನೋಡಿದ. "ಕಾಲು ನಮೂದಿಲ್ಲ."

"ಹಾಗಾದ್ರೆ ಬರ್ಕೊಳ್ಳಿ. ಎತ್ತು ಒಂದು, ರಹಿಮತ್‌ಬಿ. ಎತ್ತು ಎರಡು, ಗಿರಿಜವ್ವ."

"ಅಯ್ಯ ರೈಮತಕ್ಕಾ! ನನ್ನ್ಯಾಕ ಎತ್ತು ಮಾಡ್ತೀಯೇ?"

"ಹೆಂಗಸಾಗಿ ಹುಟ್ಟಿ ಇಷ್ಟು ವರ್ಷದಲ್ಲಿ ಏನು ಸಿಕ್ತು, ಹೇಳು? ಎತ್ತಿಗೆ ಸೋಮವಾರ ರಜೆ ಉಂಟಂತೆ. ನಾಲ್ಕು ದಿನ ಎತ್ತಾಗಿ ನೋಡುವಾ."

ಗಿರಿಜವ್ವ ಸೋಮವಾರವನ್ನು ನೆನೆಸಿಕೊಂಡಳು. ಮುಖ ಅರಳಿತು. "ಬರಕೊಳ್ರಿ ಯಪ್ಪಾ. ನಮ್ಮತ್ತೀನೂ ಬರಕೊಳ್ರಿ. ಮುದಿ ಎತ್ತು. ಸ್ವಲ್ಪ ಹಾಯತದ."

ವೀರಪ್ಪ ನಗಲಿಲ್ಲ. ಅನುದಾನ ವಾಪಸು ಹೋಗುವ ಭಯದಲ್ಲಿರುವ ಮನುಷ್ಯನಿಗೆ ನಗು ಬರುವುದಿಲ್ಲ. ಬರೆದುಕೊಂಡ.

ಸಭೆಯಲ್ಲಿ ಹೆಗಡೇರು ಕೂತಲ್ಲಿಂದ ಎದ್ದೇಬಿಟ್ಟರು. "ಎಂತಾ ಮಳ್ಳೋ ಇದು! ಹೆಂಗಸರು ಎತ್ತಾಗೂದು ಹ್ಯಾಂಗೆ?"

"ಸಾಹೇಬ್ರ, ಹೆಂಗಸರು ಕೆಲಸ ಮಾಡಂಗಿಲ್ಲ ಅಂತ ನಾವೇ ನಿರ್ಣಯ ಮಾಡೇವಿ," ಎಂದ ವೀರಪ್ಪ. "ಆದ್ರ ದಿನಾ ದಿಬ್ಬದ ಮ್ಯಾಲ ನೀರು ಬರಾಕತ್ತದ. ನಾ ಕಣ್ಣಾರೆ ನೋಡೇನಿ. ಹೆಂಗಸರಂತೂ ತರಂಗಿಲ್ಲ. ಹಂಗಾದ್ರ ತರೋದು ಯಾವುದು? ಎತ್ತು ಅಲ್ಲಂದ್ರ ನಮ್ಮ ಮೊದಲಿನ ನಿರ್ಣಯ ಸುಳ್ಳಾಗ್ತದ."

ಸದಸ್ಯರು ಚಿಂತಾಕ್ರಾಂತರಾದರು. ತಮ್ಮ ನಿರ್ಣಯ ಸುಳ್ಳಾಗುವುದು ಯಾರಿಗೂ ಬೇಕಿರಲಿಲ್ಲ.

"ಮತ್ತ ನಿಮ್ಮ ಭಾವನ ಮರಿಗಿ ಅಂಗಳದಾಗ ಬಿದ್ದದ," ಎಂದು ವೀರಪ್ಪ ಮೆಲ್ಲಗೆ ಸೇರಿಸಿದ.

"ಅಡ್ಡಿಲ್ಲೆ," ಎಂದರು ಹೆಗಡೇರು. ಕೂತರು.

ಮರುದಿನ ಪೇಟೆಯಲ್ಲಿ ಡಂಗುರ ಹೊಡೆಸಿದರು. 'ಕೇಳ್ರಪ್ಪೋ ಕೇಳಿ! ಗಾಡಿಕೇರಿಯಲ್ಲಿ ನೀರು ಹೊರುವ ಯಾವತ್ತೂ ಹೆಂಗಸರು ಇಂದಿನಿಂದ ಹೇರಿನ ಎತ್ತುಗಳು! ಅವರವರ ಗಂಡಂದಿರು ಅವರವರ ಯಜಮಾನರು! ಎತ್ತುಗಳಿಗೆ ಬೈಯಬಹುದು, ಹೊಡೆಯಕೂಡದು! ಎತ್ತುಗಳು ತಿರುಗಿ ಬೈದರೆ ಕಮಿಟಿ ಜವಾಬ್ದಾರಿಯಲ್ಲ!'

ಒಬ್ಬೊಬ್ಬರಿಗೂ ನಂಬರಿನ ಹಿತ್ತಾಳೆ ಬಿಲ್ಲೆ ಬಂತು. ರಹಿಮತ್‌ಬಿ ತನ್ನದನ್ನು ಬೀಗದಕೈ ಗೊಂಚಲಿಗೆ ಸಿಕ್ಕಿಸಿಕೊಂಡಳು. ನಡೆದರೆ ಕಿಣಿಕಿಣಿ ಎನ್ನುತ್ತಿತ್ತು. ತಲೆಗಿಷ್ಟು ಎಂದು ಶೇಂಗಾ ಹಿಂಡಿಯೂ ಬಂತು. ಅದನ್ನು ಸುಭಾನನ ನಿಜವಾದ ಎತ್ತುಗಳು ತಿಂದವು. ತಮ್ಮ ಸರಕಾರಿ ಬಂಧುಗಳ ಬಗ್ಗೆ ಅವುಗಳಿಗೆ ಯಾವ ತಕರಾರೂ ಇರಲಿಲ್ಲ.

ಶಾಲೆ ತೆರೆಯಲು ದಿನ ಹತ್ತಿರ ಬಂತು, ಮರಿಗೆ ಮಾತ್ರ ಅಂಗಳದಿಂದ ಅಲುಗಲಿಲ್ಲ. ಮಳೆಗಾಲ ಮುಗಿಯದೆ ಕಟ್ಟೆ ಕಟ್ಟಲಾಗುವುದಿಲ್ಲ ಎಂದು ಹೆಗಡೇರ ಭಾವ ಹೇಳಿಬಿಟ್ಟ. ರಹಿಮತ್‌ಬಿ ಬೆರಳು ಮಡಚಿ ತಿಂಗಳು ಎಣಿಸಿದಳು. ನೀರು ಇಲ್ಲವೆಂದರೆ ಜೊಹರಾಳ ಶಾಲೆಯೂ ಇಲ್ಲ.

ಆ ಹೊತ್ತಿಗೆ ಇನ್ಸ್‌ಪೆಕ್ಟರ್ ಮಂಜಪ್ಪ ತಪಾಸಣೆಗೆ ಬಂದ. ಕಾನೂನೆಂದರೆ ಕಾನೂನು ಎನ್ನುವ ಆಸಾಮಿ. ಎತ್ತು ನಂಬರ್ ಒಂದನ್ನು ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ ನಡೆಸಿ ನೋಡಿದ. ಅವಳು ಸೊಂಟ ಓರೆ ಮಾಡಿ ನಡೆಯುವುದು ಕಂಡು ಸುಭಾನನನ್ನು ಕರೆದ.

"ಈ ಎತ್ತಿಗೆ ಸೊಂಟದ ನೋವು ಎಷ್ಟು ದಿನದಿಂದ?"

"ಹೋದ ಮಳೆಗಾಲದಿಂದ ಸಾಹೇಬ್ರೆ. ಆದ್ರೆ ಇವಳು ನನ್ನ ಹೆಂಡತಿ..."

"ಎಲ್ಲರೂ ಹೀಗೇ ಹೇಳ್ತಾರೆ. ಮಗನ ಹಾಗೆ ಸಾಕಿದ ಎತ್ತು ಅಂತಾರೆ. ಗುಣ ಆಗೋವರೆಗೆ ಇದರ ಮೇಲೆ ಒಂದು ಚೊಂಬು ನೀರು ಹೊರಿಸಿದ್ರೂ ದಂಡ."

"ಮನೆಗೆ ನೀರು?"

"ಎತ್ತು ಮಲಗಿದರೆ ಯಜಮಾನ ಹೊರಬೇಕು."

"ಮಗಳು ಹೊರ್ತಾಳೆ ಬಿಡಿ," ಎಂದ ಸುಭಾನ ನಿಟ್ಟುಸಿರಿಟ್ಟು.

ಮಂಜಪ್ಪ ಜೊಹರಾಳ ಕಡೆ ತಿರುಗಿದ. "ಹಲ್ಲು ನೋಡಬೇಕು. ಬಾಯಿ ತೆಗಿ ತಂಗೀ." ಜಾನುವಾರಿನ ವಯಸ್ಸನ್ನು ಹಲ್ಲಿನಲ್ಲೇ ಹೇಳಬೇಕೆಂದು ಕಲಿತ ಕೈ, ದವಡೆ ಹಿಡಿದು ಒಳಗೆ ಬೆರಳಾಡಿಸಿತು. ಜೊಹರಾ ಕಚ್ಚಿದಳು. ಮಂಜಪ್ಪ ಬೆರಳು ಕೊಡವಿಕೊಂಡು, 'ಗುಣ: ಚುರುಕು' ಎಂದು ಬರೆದುಕೊಂಡ. "ಒಳಗೆ ಎರಡು ಹಾಲುಹಲ್ಲು ಉಂಟು. ಇದು ಕರು. ಹಾಲುಹಲ್ಲೆಲ್ಲ ಬಿದ್ದು ಬಾಯಿಗೂಡದ ಕರುವಿನ ಮೇಲೆ ಹೇರು ಹಾಕಿದರೆ ದಂಡ ಡಬಲ್ಲು." ಅಷ್ಟು ಹೇಳಿದವನಿಗೆ ಒಂದು ತೊಡಕು ಹೊಳೆಯಿತು. "ಅಲ್ಲ, ಎತ್ತಿಗೆ ಕರು ಹುಟ್ಟೂದು ಹ್ಯಾಗೆ?"

ಎಲ್ಲರೂ ಅವನ ಜೊತೆ ಬಂದಿದ್ದ ವೀರಪ್ಪನ ಮುಖ ನೋಡಿದರು. ವೀರಪ್ಪ ಒಂದು ಕ್ಷಣವೂ ತಡವರಿಸಲಿಲ್ಲ. "ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂತ ಹಿರ್ಯಾರು ಹೇಳ್ಯಾರ. ಹೆಂಗ ಈದಿತು ಅಂತ ಕೇಳ್ರಿ ಅಂತ ಯಾರೂ ಹೇಳಿಲ್ಲ."

ಇದು ಸರಿಯೆನಿಸಿತು. ಹಿಂದಿನಿಂದ ನಡೆದುಬಂದ ಪದ್ಧತಿ ಎಂದು ಕಮಿಟಿ ಅದನ್ನೇ ನಿರ್ಣಯವಾಗಿ ಪಾಸು ಮಾಡಿತು.

ಹೀಗಾಗಿ ನೀರು ಸುಭಾನನ ತಲೆಗೆ ಬಂತು. ಮೊದಲನೇ ದಿನ ಎರಡು ಕೊಡ ತಂದಿಟ್ಟು ಹೊಸ್ತಿಲ ಮೇಲೆ ಕೂತ. ಊಟದ ಹೊತ್ತಿನವರೆಗೆ ಕಾಲು ಒತ್ತಿಕೊಂಡ. ಆಮೇಲೆ ಕೇಳಿದ, "ರಹಿಮತ್, ಆ ದಾರಿ ಮೊದಲಿಂದ್ಲೂ ಅಷ್ಟು ಏರಾ?"

"ಇಲ್ಲ," ಎಂದಳು ರಹಿಮತ್‌ಬಿ. "ನೀನು ಹೋಗ್ತೀಯ ಅಂತ ರಾತ್ರೋರಾತ್ರಿ ಎತ್ತರ ಮಾಡಿದ್ರು."

ಅವಳು ಜೊಹರಾಳ ತಲೆಗೆ ಎಣ್ಣೆ ಹಾಕಿ, ಬಿಗಿಯಾಗಿ ಹೆಣೆದು, ಪರಿಮಳಾಳ ಪುಸ್ತಕ ಕಂಕುಳಲ್ಲಿ ಕೊಟ್ಟು ಶಾಲೆಗೆ ಕರೆದುಕೊಂಡು ಹೋದಳು. ಹೆಡ್‌ಮಾಸ್ತರರು ಬಾಗಿಲಲ್ಲೇ ತಡೆದು ಗೋಡೆಯ ಫಲಕ ತೋರಿಸಿದರು. 'ದನಕರುಗಳಿಗೆ ಒಳಗೆ ಪ್ರವೇಶವಿಲ್ಲ.'

"ಇವಳು ನನ್ನ ಮಗಳು, ಮಾಸ್ತರೆ."

"ಅದು ನನಗೆ ಗೊತ್ತು. ಆದರೆ ಡಂಗುರ ಹೊಡೆದದ್ದು ಊರಿಗೆಲ್ಲ ಗೊತ್ತು. ಕರು ಅಂತ ಸರಕಾರಿ ದಾಖಲೆ ಉಂಟು. ಒಳಗೆ ಬಿಟ್ಟರೆ ನನ್ನ ನೌಕರಿ ಹೋಗ್ತದೆ."

ರಹಿಮತ್‌ಬಿ ಮಗಳ ಕೈ ಹಿಡಿದು ಅಂಗಳದಲ್ಲೇ ನಿಂತಳು. ಒಳಗೆ ಹುಡುಗರು ಮಗ್ಗಿ ಹೇಳುತ್ತಿದ್ದರು. ಜೊಹರಾಳ ತುಟಿ ತನ್ನಷ್ಟಕ್ಕೆ ಅಲುಗುತ್ತಿತ್ತು, ಅವರಿಗಿಂತ ಒಂದು ಸಾಲು ಮುಂದೆ. ರಹಿಮತ್‌ಬಿ ಅದನ್ನು ನೋಡಿದಳು. ನೋಡಿ, ಹಾಗೇ ತಿರುಗಿ ನೇರ ಹೆಗಡೇರ ಜಗಲಿಗೆ ನಡೆದಳು.

"ಕರುವನ್ನ ಕೊಟ್ಟಿಗೆಯಲ್ಲಿ ಕಟ್ಟು ಅಂತ ನಿಮ್ಮದೇ ನಿರ್ಣಯ. ಕೊಟ್ಟಿಗೆ ಎಲ್ಲಿ?"

ಕಮಿಟಿ ಪರಸ್ಪರ ಮುಖ ನೋಡಿಕೊಂಡಿತು. ಅನುದಾನದ ದುಡ್ಡೆಲ್ಲ ಭಾವನ ಮರಿಗೆಯಲ್ಲಿ ಇಳಿದುಹೋಗಿತ್ತು. ಈಗ ಕೊಟ್ಟಿಗೆ ಕಟ್ಟಿಸುವಂತಿರಲಿಲ್ಲ, ಇಲ್ಲ ಎನ್ನುವಂತೆಯೂ ಇರಲಿಲ್ಲ.

"ಮೇಲೊಂದು ಮಾಡು ಇರೋ ಜಾಗ ಯಾವುದಾದ್ರೂ ಆಗ್ತದೆ," ಎಂದಳು ರಹಿಮತ್‌ಬಿ. "ಶಾಲೆ ಜಗಲಿಯಾದ್ರೂ ಅಡ್ಡಿಯಿಲ್ಲ. ಖರ್ಚು ಸೊನ್ನೆ."

ಸೊನ್ನೆ ಎಂಬ ಮಾತು ಕೇಳಿ ಕಮಿಟಿಗೆ ಜೀವ ಬಂತು. ನಿರ್ಣಯ: 'ಶಾಲೆಯ ಜಗಲಿಯನ್ನು ತಾತ್ಕಾಲಿಕ ಕೊಟ್ಟಿಗೆ ಎಂದು ಸಾರಲಾಗಿದೆ. ಬಾಯಿಗೂಡುವವರೆಗೆ ಸದರಿ ಕರುವನ್ನು ಶಾಲೆ ನಡೆಯುವ ಹೊತ್ತು ಅಲ್ಲಿಯೇ ಇಡತಕ್ಕದ್ದು. ಆ ಅವಧಿಯಲ್ಲಿ ಪಾಠಗಳು ಕರುವಿನ ಕಿವಿಗೆ ಬಿದ್ದಲ್ಲಿ ಕಮಿಟಿ ಹೊಣೆಯಲ್ಲ.'

ಜೊಹರಾ ಜಗಲಿಯಲ್ಲಿ ಕಿಟಕಿಗೆ ಒತ್ತಿ ಕೂತಳು. ಹೆಡ್‌ಮಾಸ್ತರರು ಕರಿಹಲಗೆಯನ್ನು ಕಿಟಕಿಯ ಕಡೆ ತಿರುಗಿಸಿಟ್ಟರು, ಗಾಳಿಗೆ ಒಣಗಲಿ ಎಂದು. ವರ್ಷದ ಕೊನೆಗೆ ನಾಲ್ಕನೇ ಇಯತ್ತೆಯಲ್ಲಿ ಕರು ಮೊದಲನೇ ನಂಬರಿನಲ್ಲಿ ಪಾಸಾಯಿತು.

ಇತ್ತ ಆ ಮಳೆಗಾಲ ಕಳೆದದ್ದೇ ಕೇರಿಗೆ ಮರಿಗೆ ಬಂದಿತ್ತು, ಮರಿಗೆಗೆ ನಳ ಬಂದಿತ್ತು. ಆದರೆ ಬಿಲ್ಲೆಯನ್ನು ಯಾರೂ ವಾಪಸು ಕೊಡಲಿಲ್ಲ. ಸೋಮವಾರಕ್ಕೆ ಕೇರಿಯ ಹೆಂಗಸರು ಕಾಲು ಚಾಚಿ ಕೂತು ಎಲೆಯಡಿಕೆ ಹಾಕುವುದನ್ನು ಇಡೀ ಪೇಟೆ ನೋಡತೊಡಗಿತು. ನೋಡಿದವರಲ್ಲಿ ದೇವಕಮ್ಮನೂ ಒಬ್ಬರು.

"ಕೇಳಿದ್ರಾ? ನಂಗೂ ಒಂದು ಬಿಲ್ಲೆ ಕೊಡ್ಸಿ," ಎಂದರು ಗಂಡನಿಗೆ. "ಆನೂ ಎತ್ತಾಗ್ತೆ."

"ನಿಂಗೆಂತಕ್ಕೇ? ಬಾವಿ ಅಂಗಳದಲ್ಲೇ ಇದ್ದು."

"ಬಾವಿ ನೀರು ಅದಾಗೇ ನಡಕಂಡು ಒಳಗೆ ಬತ್ತಾ? ತೆಳ್ಳೇವು ಅದಾಗೇ ಹುಯ್ಕಂಡು ಜಗಲಿಗೆ ಬತ್ತಾ?"

ಹೆಗಡೇರು ಯೋಚಿಸಿದರು. ಅದು ಹೇಗೆ ಬರುತ್ತದೆಂದು ಅವರು ಈವರೆಗೆ ಯೋಚಿಸಿರಲಿಲ್ಲ. ದೇವಕಮ್ಮನಿಗೆ ಬಿಲ್ಲೆ ಬಂತು. ಈಗ ಸೋಮವಾರದ ಸಭೆಗೆ ಸದಸ್ಯರು ಮನೆಯಿಂದಲೇ ಬುತ್ತಿ ತರುತ್ತಾರೆ. ಅದನ್ನು ಭಾನುವಾರವೇ ಕಟ್ಟಿಡುವವರು ಯಾರು ಎಂಬುದು ನಡಾವಳಿಯಲ್ಲಿಲ್ಲ.

ಎತ್ತಿನ ದುಡಿಮೆಗೆ ಸರಕಾರಿ ದರವಿತ್ತಾದ್ದರಿಂದ ವೀರಪ್ಪ ವರ್ಷದ ವರದಿಯಲ್ಲಿ ಅದನ್ನು ಕೂಡಿಸಲೇಬೇಕಾಯಿತು. ಕೂಡಿಸಿ ನೋಡಿ ಕನ್ನಡಕ ಒರೆಸಿಕೊಂಡ. ಪೇಟೆಯ ಅಂಗಡಿಗಳು, ನಾಟಾ ಡಿಪೋ, ಮೋಟಾರು ಎಲ್ಲ ಒಂದು ತಕ್ಕಡಿಗೆ ಹಾಕಿದರೂ ಎತ್ತುಗಳ ತಕ್ಕಡಿಯೇ ಕೆಳಗೆ ಹೋಯಿತು. ಎಲ್ಲಾಪುರ ಒಂದೇ ವರ್ಷದಲ್ಲಿ ಶ್ರೀಮಂತವಾಗಿತ್ತು. ಕೆಲಸ ಮಾಡುವ ಹೆಂಗಸರು ಎಂಬ ಕಾಲಂನಲ್ಲಿ ಎಂದಿನಂತೆ ಸೊನ್ನೆಯೇ ಇತ್ತು. ಮೇಲಿನ ಕಚೇರಿ ಸಂತೋಷ ವ್ಯಕ್ತಪಡಿಸಿ, ಇಷ್ಟು ದುಡಿಯುವ ಎತ್ತುಗಳಿಗೆ ಯಾವ ಮೇವು ಹಾಕುತ್ತೀರಿ ಎಂದು ಕೇಳಿತು. 'ಮನೆಮಂದಿ ಉಂಡು ಉಳಿದದ್ದು' ಎಂದು ವೀರಪ್ಪ ಇದ್ದದ್ದು ಇದ್ದ ಹಾಗೆ ಉತ್ತರ ಬರೆದ.

ಮೂರನೆಯ ವರ್ಷ, ಜೊಹರಾ ಜಗಲಿಯಲ್ಲಿ ಆರನೇ ಇಯತ್ತೆಯ ಇತಿಹಾಸ ಕೇಳುತ್ತಿರುವಾಗ ಅವಳ ಕೊನೆಯ ಹಾಲುಹಲ್ಲು ಬಿದ್ದುಹೋಯಿತು. ಅಂಗೈಯಲ್ಲಿ ಮುಚ್ಚಿಕೊಂಡು ಮನೆಗೆ ಓಡಿದಳು. ಕೇರಿಯೆಲ್ಲ ಸೇರಿತು. ಹಲ್ಲು ಬಿದ್ದರೆ ಬಾಯಿಗೂಡಿತು, ಬಾಯಿಗೂಡಿದರೆ ಎತ್ತು, ಎತ್ತಿಗೆ ಜಗಲಿಯಿಲ್ಲ. ಮಂಜಪ್ಪನ ತಪಾಸಣೆ ಮರುದಿನವೇ.

ರಹಿಮತ್‌ಬಿ ಹಲ್ಲನ್ನು ಬಿಸಿನೀರಿನಲ್ಲಿ ತೊಳೆದಳು. ಪಲ್ಯಕ್ಕೆ ತಂದ ಎಳೆ ಹಲಸಿನ ಗುಜ್ಜೆಯಿಂದ ಚೂರು ಮೇಣ ತೆಗೆದು, ಇದ್ದಲ್ಲೇ ಹಲ್ಲು ಕೂರಿಸಿದಳು. "ನಾಳೆವರೆಗೆ ಬಾಯಿ ಮುಚ್ಚಿಕೊಂಡಿರು," ಎಂದಳು. ಜೊಹರಾಳಿಗೆ ಶಾಲೆಯ ಯಾವ ಲೆಕ್ಕವೂ ಅಷ್ಟು ಕಷ್ಟವಾಗಿರಲಿಲ್ಲ.

ಮರುದಿನ ಮಂಜಪ್ಪ ಬಂದು ದವಡೆ ಹಿಡಿದು ಬೆರಳಾಡಿಸಿದ. ಈ ಸಲ ಅವಳು ಕಚ್ಚಲಿಲ್ಲ. ಹಲ್ಲು ಅವನ ಬೆರಳಿಗೇ ಅಂಟಿಕೊಂಡು ಹೊರಗೆ ಬಂತು. ಮಂಜಪ್ಪ ಹಲ್ಲನ್ನು ನೋಡಿದ. ರಹಿಮತ್‌ಬಿಯನ್ನು ನೋಡಿದ. ಹುಡುಗಿಯ ಕಂಕುಳಲ್ಲಿದ್ದ ಪುಸ್ತಕ ನೋಡಿದ. ಕಾನೂನೆಂದರೆ ಕಾನೂನು ಎನ್ನುವ ಆ ಆಸಾಮಿ ಹಲ್ಲನ್ನು ಇದ್ದಲ್ಲೇ ಇಟ್ಟು, ಹೆಬ್ಬೆರಳಿನಿಂದ ಒಮ್ಮೆ ಗಟ್ಟಿಯಾಗಿ ಒತ್ತಿದ.

"ಹಾಲುಹಲ್ಲು ಉಂಟು. ಕರು," ಎಂದ. "ಮುಂದಿನ ವರ್ಷವೂ ಇರೋ ಲಕ್ಷಣ ಕಾಣ್ತದೆ."

ಘಟ್ಟದ ಮೇಲಿನ ಕರುಗಳಿಗೆ ಬಾಯಿಗೂಡುವುದು ಬಹಳ ನಿಧಾನ, ಅದಕ್ಕೆ ಇಲ್ಲಿಯ ಹವೆಯೇ ಕಾರಣ ಎಂದು ಮಂಜಪ್ಪನ ವರದಿಗಳ ಮೇಲೆ ಇಲಾಖೆ ಪತ್ರ ಬರೆದು ಒಪ್ಪಿಕೊಂಡಿದೆ. ಆ ಪತ್ರ ಬಂದ ದಿನ ವೀರಪ್ಪನ ಕನ್ನಡಕ ಒಡೆದಿತ್ತು, ಸಭೆಗೆ ಓದಿ ಹೇಳಲು ಜೊಹರಾಳನ್ನೇ ಕರೆಸಿದರು. ಕರು ತಪ್ಪಿಲ್ಲದೆ, ಎಲ್ಲರಿಗೂ ಕೇಳಿಸುವಂತೆ ಓದಿತು ಎಂದು ನಡಾವಳಿಯಲ್ಲಿ ನಮೂದಾಗಿದೆ.